ಕತ್ತಲಿಗೂ ಜಾಗ ಕೊಡುವ ಎಚ್‌ಡಿಆರ್: ಲಕ್ಕುಂಡಿ ಗುಡಿಯಿಂದ ಬ್ಯಾಡಗಿ ಮೆಣಸಿನಕಾಯಿವರೆಗೆ

ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಮಂಟಪದೊಳಗೆ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ನಿಂತು ಹೊರಗೆ ನೋಡಿ. ಕಣ್ಣಿಗೆ ಎಲ್ಲವೂ ಕಾಣುತ್ತದೆ. ಎದುರಿಗೆ ಸೂರ್ಯನ ಪುಟ್ಟ ಗುಡಿ, ಅದರ ಗೋಡೆಯ ಮೇಲೆ ಬಿಸಿಲು, ಮೇಲೆ ಆಕಾಶ. ಈಚೆ ನೆರಳಲ್ಲಿ ಕಂಬಗಳು, ಕಂಬದ ಬಳೆಗಳ ಮೇಲೆ ಸಣ್ಣ ಹೊಳಪು. ಈಗ ಕ್ಯಾಮೆರಾ ತೆಗೆದು ಒಂದು ಫೋಟೊ ಹೊಡೆಯಿರಿ. ಕಂಬ ಚೆನ್ನಾಗಿ ಬಂದರೆ ಹೊರಗಡೆ ಬರೀ ಬಿಳಿ. ಹೊರಗಿನದು ಚೆನ್ನಾಗಿ ಬಂದರೆ ಕಂಬ ಪೂರ್ತಿ ಕಪ್ಪು. ಕಣ್ಣು ಕಂಡದ್ದು ಕ್ಯಾಮೆರಾಕ್ಕೆ ಸಿಗಲೇ ಇಲ್ಲ, ಅಲ್ವಾ?

ಈ ತೊಂದರೆಗೆ ಇರುವ ದಾರಿಯೇ ಎಚ್‌ಡಿಆರ್, ಅಂದರೆ ಹೈ ಡೈನಾಮಿಕ್ ರೇಂಜ್. ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಹಲವು ಸಲ ತೆಗೆದು, ಒಂದೊಂದರಿಂದ ಒಳ್ಳೆಯ ಭಾಗ ಆರಿಸಿ ಕೂಡಿಸುವುದು. ಟಿವಿ ಮತ್ತು ಫೋನಿನ ಡಬ್ಬಿಯ ಮೇಲೆ ಬರೆದಿರುವ ಎಚ್‌ಡಿಆರ್ ಬೇರೆ. ಅದು ಪರದೆ ಎಷ್ಟು ಬೆಳಗಬಲ್ಲದು ಎಂಬ ಮಾತು. ಇಲ್ಲಿ ಹೇಳುವುದು ಫೋಟೊ ತೆಗೆಯುವ ಎಚ್‌ಡಿಆರ್ ಬಗ್ಗೆ.

ಇದೇನೂ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ವಿದ್ಯೆ ಅಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ್ದರು. ನಾವು ಇವತ್ತು ಮಾಡುವುದೂ ಅದೇ ಕೆಲಸ. ಕತ್ತರಿಸಿ ಜೋಡಿಸುವ ಶ್ರಮವನ್ನು ಸಾಫ್ಟ್‌ವೇರ್ ತೆಗೆದುಕೊಂಡಿದೆ, ಅಷ್ಟೇ.

ಮೊದಲು ಸ್ಟಾಪ್ ಅಂದರೆ ಏನು, ತಿಳಿದುಕೊಳ್ಳಿ

ಈ ಒಂದು ಪದ ಗಟ್ಟಿ ಆದರೆ ಉಳಿದದ್ದು ಸಲೀಸು. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್ ಜಾಸ್ತಿ. ಅರ್ಧ ಆದರೆ ಒಂದು ಸ್ಟಾಪ್ ಕಡಿಮೆ. ಶಟರ್, ಅಂದರೆ ಬೆಳಕು ಒಳಗೆ ಬರಲು ಬಿಡುವ ಹೊತ್ತು, 1/125 ಸೆಕೆಂಡಿನಿಂದ 1/60ಕ್ಕೆ ಬಂದರೆ ಒಂದು ಸ್ಟಾಪ್ ಹೆಚ್ಚು ಬೆಳಕು. 1/30ಕ್ಕೆ ಬಂದರೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು.

ಈಗಿನ ಒಳ್ಳೆಯ ಕ್ಯಾಮೆರಾಗಳು ಕಡಿಮೆ ಐಎಸ್‌ಓದಲ್ಲಿ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 12ರಿಂದ 14 ಸ್ಟಾಪ್‌ನಷ್ಟು ಅಂತರವನ್ನು ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ಫೈಲಿನಲ್ಲಿ, ಹಿಡಿಯುತ್ತವೆ. ಆದರೆ ಆ ಅಂಚಿನ ಕತ್ತಲೆಯ ಭಾಗದಲ್ಲಿ ಕಾಳು ಕಾಳಾಗಿ ನಾಯ್ಸ್ ತುಂಬಿರುತ್ತದೆ. ಕೆಲಸಕ್ಕೆ ಬರುವುದು ಅದಕ್ಕಿಂತ ಕಡಿಮೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಅಂಥ ಬಿಸಿಲಲ್ಲಿ ಗುಡಿಯ ಹೊರಗೋಡೆ, ಒಳಗೆ ಗರ್ಭಗುಡಿಯ ಬಾಗಿಲು, ಎರಡೂ ಒಂದೇ ಫೋಟೊದಲ್ಲಿ ಬೇಕು ಅಂದರೆ ಒಂದು ಫ್ರೇಮ್ ಸಾಲದು.

ಕಣ್ಣು ಈ ಕೆಲಸವನ್ನು ಬೇರೆ ರೀತಿ ಮಾಡುತ್ತದೆ. ಹೊರಗೆ ನೋಡಿದಾಗ ಪಾಪೆ ಕಿರಿದಾಗುತ್ತದೆ, ಒಳಗೆ ನೋಡಿದಾಗ ಅಗಲ ಆಗುತ್ತದೆ. ನೋಟ ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇರುತ್ತದೆ. ಮಿದುಳು ಎಲ್ಲವನ್ನೂ ಹೊಲಿದು ಒಂದು ಚಿತ್ರ ಕೊಡುತ್ತದೆ. ಹಾಗಾಗಿ ನಾವು ಹಲವು ಫ್ರೇಮ್ ತೆಗೆದು ಕೂಡಿಸುವುದು ಮೋಸ ಅಲ್ಲ. ಕಣ್ಣು ನೋಡಿದ ರೀತಿಗೆ ಹತ್ತಿರ ಹೋಗುವುದು.

ಎಲ್ಲಿ ಬೇಕಾಗಿಲ್ಲ

ಧಾರವಾಡದ ಮಳೆಗಾಲದ ಮುಂಜಾನೆ ಇದೆಯಲ್ಲ, ಮೋಡ ಮುಚ್ಚಿ ಎಲ್ಲವೂ ಮೆತ್ತಗೆ ಕಾಣುತ್ತದೆ. ಅಲ್ಲಿ ಎಚ್‌ಡಿಆರ್ ಬೇಡ. ಬೆಳಕು ಬೆನ್ನ ಹಿಂದಿನಿಂದ ಬಿದ್ದಾಗಲೂ ಬೇಡ. ಎದುರು ಬೆಳಕಲ್ಲಿ ಮರವೋ ಗೋಪುರವೋ ಕಪ್ಪು ನೆರಳಾಗಿ ಚಂದ ಕಾಣುತ್ತಿದ್ದರೆ ಅದನ್ನು ಕೆಡಿಸಬೇಡಿ.

ಅನುಮಾನ ಇದ್ದರೆ ಒಂದು ಫೋಟೊ ತೆಗೆದು ಹಿಸ್ಟೋಗ್ರಾಂ ನೋಡಿ. ಗುಡ್ಡದ ಹಾಗೆ ಇರುವ ಆ ಗ್ರಾಫ್ ಕತ್ತಲೆಯ ಕಡೆಯ ಎಡ ಗೋಡೆಗೂ ಬೆಳಕಿನ ಕಡೆಯ ಬಲ ಗೋಡೆಗೂ ಒಟ್ಟಿಗೆ ಒತ್ತಿಕೊಂಡು ನಿಂತಿದ್ದರೆ ದೃಶ್ಯದ ಅಂತರ ಕ್ಯಾಮೆರಾದ ಅಳತೆ ಮೀರಿದೆ ಎಂದರ್ಥ. ಆಗ ಎಚ್‌ಡಿಆರ್ ಮಾಡಿ. ಒಂದೇ ಕಡೆ ಒತ್ತಿದ್ದರೆ ಎಕ್ಸ್‌ಪೋಷರ್ ಸ್ವಲ್ಪ ಸರಿಸಿದರೆ ಸಾಕು.

ಗದಗಿನ ಎರೆ ಹೊಲಗಳನ್ನು ಸಂಜೆ ಹೊತ್ತಲ್ಲಿ ತೆಗೆಯುವವರಿಗೆ ಈ ಪರೀಕ್ಷೆ ಬಹಳ ಉಪಯೋಗ. ಮಣ್ಣು ಕಪ್ಪು, ಆಕಾಶ ಕೆಂಪು. ನೋಡಿದ ಕೂಡಲೇ ಎಚ್‌ಡಿಆರ್ ಬೇಕು ಅನಿಸುತ್ತದೆ. ಆದರೆ ಸೂರ್ಯ ಮುಳುಗಿ ಹತ್ತು ನಿಮಿಷ ಆದಮೇಲೆ ನೋಡಿದರೆ ಎಷ್ಟೋ ಸಲ ಒಂದೇ ರಾ ಫೈಲಿನಲ್ಲಿ ಎಲ್ಲವೂ ಸಿಗುತ್ತದೆ.

ಏನೇನು ಬೇಕು

ಮ್ಯಾನುಯಲ್ ಮೋಡ್ ಮತ್ತು ರಾ ಇರುವ ಯಾವುದೇ ಕ್ಯಾಮೆರಾ ಸಾಕು. ಬೇರೆ ಬೇರೆ ಎಕ್ಸ್‌ಪೋಷರ್‌ನ ಫ್ರೇಮ್‌ಗಳನ್ನು ತಾನೇ ಸಾಲಾಗಿ ತೆಗೆಯುವ ಬ್ರಾಕೆಟಿಂಗ್ ಇದ್ದರೆ ಅನುಕೂಲ. ಟ್ರೈಪಾಡ್ ಇದ್ದರೆ ಒಳ್ಳೆಯದು. ಲೈಟ್‌ರೂಮ್ ಸಾಫ್ಟ್‌ವೇರ್ ಇದ್ದವರಿಗೆ ಕೂಡಿಸುವುದು ಸುಲಭ. ದುಡ್ಡು ಕೊಡದೆ ಮಾಡಬೇಕು ಅಂದರೆ ಡಾರ್ಕ್‌ಟೇಬಲ್, ಹ್ಯೂಗಿನ್, ಲ್ಯೂಮಿನನ್ಸ್ ಎಚ್‌ಡಿಆರ್ ಇವೆ. ಮೂರೂ ಉಚಿತ.

ಲಕ್ಕುಂಡಿಯಲ್ಲಿ ಒಂದು ಬೆಳಿಗ್ಗೆ: ಹಂತ ಹಂತವಾಗಿ

ಗದಗಿನಿಂದ ಕೊಪ್ಪಳದ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರ್ ಹೋದರೆ ಲಕ್ಕುಂಡಿ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಕಾಶಿ ವಿಶ್ವೇಶ್ವರದಲ್ಲಿ ಶಿವನ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಎದುರಿನ ಸೂರ್ಯನ ಗುಡಿ ಪಶ್ಚಿಮಕ್ಕೆ. ಎರಡೂ ಒಂದನ್ನೊಂದು ನೋಡುತ್ತ ನಿಂತಿವೆ. ಕಲ್ಲು ಬಳಪದ ಕಲ್ಲು. ಕೆಲವು ಕಂಬಗಳನ್ನು ತಿರುಗಿಸಿ ಕಡೆದು ಎಷ್ಟು ನುಣುಪು ಮಾಡಿದ್ದಾರೆ ಅಂದರೆ ಬಾಗಿಲಿನ ಬೆಳಕು ಅವುಗಳ ಮೇಲೆ ಉದ್ದನೆಯ ಗೆರೆಯಾಗಿ ಕಾಣುತ್ತದೆ. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರ ಮಾತು ಬರುತ್ತದೆ.

ಹೋಗುವ ಮೊದಲು ಒಂದು ವಿಷಯ. ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸುಮ್ನೆ ಕೈಯಲ್ಲಿ ಹಿಡಿದು ಫೋಟೊ ತೆಗೆಯುವುದಕ್ಕೂ ಟ್ರೈಪಾಡ್ ಊರುವುದಕ್ಕೂ ವ್ಯತ್ಯಾಸ ಇದೆ. ಟ್ರೈಪಾಡ್‌ಗೆ ಮೊದಲೇ ಅನುಮತಿ ಪಡೆಯಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗುಡಿಯ ಫೋಟೊ ತೆಗೆಯಬಹುದೇ ಎಂದು ಅರ್ಚಕರನ್ನು ಕೇಳಿ. ಬೇಡ ಅಂದರೆ ಬೇಡ. ಮತ್ತೆ, ದಯವಿಟ್ಟು ಚೀಲವನ್ನು ಶಿಲ್ಪದ ಮೇಲೆ ಇಡಬೇಡಿ, ಕಂಬಕ್ಕೆ ಒರಗಬೇಡಿ. ಸಾವಿರ ವರ್ಷದ ಹತ್ತಿರದ ನುಣುಪು ಅದು.

ಅನುಮತಿ ಸಿಕ್ಕಿ ಟ್ರೈಪಾಡ್ ಇದೆ ಅಂದುಕೊಳ್ಳೋಣ.

ಮೊದಲ ಹಂತ, ಬದಲಾಗಬಾರದ್ದನ್ನೆಲ್ಲ ಕಟ್ಟಿಹಾಕುವುದು. ರಾ ಆರಿಸಿ. ಐಎಸ್‌ಓ 100. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಂಡಿಯ ಅಗಲ) ಎಫ್ 8. ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಡೇಲೈಟ್‌ಗೆ ಇಡಿ. ಹತ್ತಿರದ ಕಂಬಕ್ಕಿಂತ ತುಸು ಆಚೆ ಫೋಕಸ್ ಮಾಡಿ, ಆಮೇಲೆ ಲೆನ್ಸನ್ನು ಮ್ಯಾನುಯಲ್ ಫೋಕಸ್‌ಗೆ ತಿರುಗಿಸಿ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸೇಷನ್ (ಕೈಯ ಅಲುಗಾಟ ತಡೆಯುವ ಸೌಲಭ್ಯ) ಆಫ್ ಮಾಡಿ.

ಬದಲಾಗಬೇಕಾದದ್ದು ಶಟರ್ ಒಂದೇ. ಅಪರ್ಚರ್ ಬದಲಾದರೆ ಒಂದು ಫ್ರೇಮಿನಲ್ಲಿ ಹಿಂದಿನ ಗೋಡೆ ಸ್ಪಷ್ಟ, ಇನ್ನೊಂದರಲ್ಲಿ ಮಸುಕು. ಕೂಡಿಸಿದಾಗ ಅಂಚುಗಳು ಎರಡೆರಡು ಬರುತ್ತವೆ. ಐಎಸ್‌ಓ ಬದಲಾದರೆ ನಾಯ್ಸ್ ಒಂದೊಂದರಲ್ಲಿ ಒಂದೊಂದು ಥರ.

ಎರಡನೆಯದು ಅಳೆಯುವುದು. ಕ್ಯಾಮೆರಾ ಬೆಳಕು ಅಳೆಯುವ ಮೀಟರಿಂಗನ್ನು ಸ್ಪಾಟ್‌ಗೆ, ಅಂದರೆ ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವಂತೆ, ಇಡಿ. ಹೊರಗೆ ನಿಮಗೆ ವಿವರ ಬೇಕಾದ ಅತಿ ಬೆಳಕಿನ ಜಾಗ ಯಾವುದು? ಬಿಸಿಲು ಬಿದ್ದ ಗೋಡೆಯೋ ಬಿಳಿ ಮೋಡವೋ, ಅದರ ಕಡೆ ತೋರಿಸಿ. 1/500 ಸೆಕೆಂಡ್ ಬಂತು ಅಂತಿಟ್ಟುಕೊಳ್ಳಿ. ಈಗ ಒಳಗೆ, ವಿವರ ಬೇಕಾದ ಅತಿ ಕತ್ತಲೆಯ ಮೂಲೆಗೆ ತೋರಿಸಿ. 1/2 ಸೆಕೆಂಡ್ ಬಂತು. ಇವೆರಡರ ನಡುವೆ ಎಂಟು ಸ್ಟಾಪ್ ಅಂತರ.

ಇಲ್ಲಿ ತಿಳಿದಿರಬೇಕಾದ ಒಂದು ಗುಟ್ಟು ಇದೆ. ಸ್ಪಾಟ್ ಮೀಟರ್ ತಾನು ನೋಡಿದ್ದನ್ನೆಲ್ಲ ನಡುಮಧ್ಯದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಮೋಡ ತೋರಿಸಿದರೂ ಬೂದು, ಕಪ್ಪು ಮೂಲೆ ತೋರಿಸಿದರೂ ಬೂದು. ಹಾಗಾಗಿ 1/500ರ ಫ್ರೇಮಿನಲ್ಲಿ ಮೋಡ ಸುರಕ್ಷಿತವಾಗಿ ಇರುತ್ತದೆ. 1/2ರ ಫ್ರೇಮಿನಲ್ಲಿ ಮೂಲೆ ನಿಜಕ್ಕಿಂತ ಬಹಳ ಬೆಳ್ಳಗೆ ಕಾಣುತ್ತದೆ. ಅದಕ್ಕಿಂತ ಉದ್ದದ ಎಕ್ಸ್‌ಪೋಷರ್ ಎಂದೂ ಬೇಡ.

ಮೂರನೆಯದು ತೆಗೆಯುವುದು. ಮ್ಯಾನುಯಲ್ ಮೋಡ್‌ಗೆ ಬನ್ನಿ. ಎರಡೆರಡು ಸ್ಟಾಪ್ ಅಂತರದಲ್ಲಿ ಐದು ಫ್ರೇಮ್: 1/500, 1/125, 1/30, 1/8, 1/2. ಎರಡು ಸೆಕೆಂಡಿನ ಟೈಮರ್ ಹಾಕಿ, ಬಟನ್ ಒತ್ತಿದ ನಡುಕ ಇಳಿಯಲಿ. ಒಂದೊಂದು ಸ್ಟಾಪ್ ಅಂತರದಲ್ಲಿ ಒಂಬತ್ತು ಫ್ರೇಮ್ ತೆಗೆಯುವವರೂ ಇದ್ದಾರೆ. ರಾ ಫೈಲಿಗೆ ಅಷ್ಟು ಬೇಕಿಲ್ಲ. ಕಾರ್ಡ್ ತುಂಬುತ್ತದೆ, ತೆಗೆಯುವ ಹೊತ್ತೂ ಜಾಸ್ತಿ.

ನಿಮ್ಮ ಕ್ಯಾಮೆರಾದಲ್ಲಿ ಬ್ರಾಕೆಟಿಂಗ್ ಮೂರೇ ಫ್ರೇಮಿಗೆ ನಿಲ್ಲುತ್ತದೆಯೇ? ಚಿಂತೆ ಇಲ್ಲ. ನಡುವಿನದನ್ನು 1/125ಕ್ಕೆ ಇಟ್ಟು ಎರಡು ಸ್ಟಾಪ್ ಅಂತರದ ಒಂದು ಸುತ್ತು ತೆಗೆಯಿರಿ. ಆಮೇಲೆ ನಡುವಿನದನ್ನು 1/8ಕ್ಕೆ ತಿರುಗಿಸಿ ಇನ್ನೊಂದು ಸುತ್ತು. 1/30 ಎರಡು ಸಲ ಬರುತ್ತದೆ, ಒಂದನ್ನು ಅಳಿಸಿ. ಬ್ರಾಕೆಟಿಂಗೇ ಇಲ್ಲದ ಕ್ಯಾಮೆರಾದಲ್ಲಿ ಡಯಲ್ ಕೈಯಿಂದ ತಿರುಗಿಸಿ. ಮೂರನೇ ಒಂದು ಸ್ಟಾಪ್‌ನ ಕ್ಲಿಕ್ ಇರುವ ಕ್ಯಾಮೆರಾದಲ್ಲಿ ಆರು ಕ್ಲಿಕ್ ಅಂದರೆ ಎರಡು ಸ್ಟಾಪ್. ಮೆತ್ತಗೆ ತಿರುಗಿಸಿ, ಕ್ಯಾಮೆರಾ ಅಲುಗಬಾರದು.

ನಾಲ್ಕನೆಯದನ್ನು ಬಿಟ್ಟು ಮನೆಗೆ ಬಂದವರು ಬಹಳ ಮಂದಿ. ಅಲ್ಲೇ ನಿಂತು ಪರೀಕ್ಷೆ ಮಾಡಿ. ಅತಿ ಕಪ್ಪು ಫ್ರೇಮ್ ತೆರೆದು ನೋಡಿ, ಬೆಳಕು ಮಿತಿಮೀರಿ ಸುಟ್ಟ ಭಾಗ ತೋರಿಸುವ ಹೈಲೈಟ್ ಎಚ್ಚರಿಕೆ ಎಲ್ಲೂ ಮಿನುಗಬಾರದು. ಮಿನುಗಿದರೆ 1/2000ದ ಒಂದು ಫ್ರೇಮ್ ಸೇರಿಸಿ. ಅತಿ ಬಿಳಿ ಫ್ರೇಮ್ ತೆರೆದು ನೋಡಿ, ಹಿಸ್ಟೋಗ್ರಾಂ ಎಡ ಗೋಡೆಯನ್ನು ಬಿಟ್ಟು ಬಂದಿರಬೇಕು. ಒಂದು ಫ್ರೇಮ್ ಹೆಚ್ಚಿಗೆ ಇದ್ದರೆ ನಷ್ಟ ಇಲ್ಲ. ಒಂದು ಕಡಿಮೆ ಇದ್ದರೆ ಮತ್ತೆ ಗದಗಿನ ಬಸ್ ಹತ್ತಬೇಕು.

ಟ್ರೈಪಾಡ್ ಇಲ್ಲದಿದ್ದರೆ? ಐಎಸ್‌ಓ 400, ಅಪರ್ಚರ್ ಎಫ್ 5.6 ಮಾಡಿ. ಒಟ್ಟು ಮೂರು ಸ್ಟಾಪ್ ಬೆಳಕು ಸಿಕ್ಕಿತು. ಅದೇ ಐದು ಫ್ರೇಮ್ ಈಗ 1/4000ದಿಂದ ಶುರುವಾಗಿ 1/15ಕ್ಕೆ ಮುಗಿಯುತ್ತವೆ. ಅಗಲ ಲೆನ್ಸು, ಸ್ಟೆಬಿಲೈಸೇಷನ್ ಆನ್, ಒಂದರ ಹಿಂದೊಂದು ಬೇಗ ತೆಗೆಯುವ ಬರ್ಸ್ಟ್ ಮೋಡ್. ಮೊಣಕೈ ಎದೆಗೆ ಒತ್ತಿ, ಉಸಿರು ಅರ್ಧ ಬಿಟ್ಟು ಬಟನ್ ಹಿಡಿದೇ ಇರಿ. ನೆಲದ ಮೇಲೆ ಕುಳಿತು ಮೊಣಕಾಲ ಮೇಲೆ ಕೈ ಊರಿದರೆ ಇನ್ನೂ ಗಟ್ಟಿ. ಇಂಥ ಮೂರು ಸುತ್ತು ತೆಗೆದುಕೊಂಡು ಬನ್ನಿ. ಮನೆಗೆ ಬಂದು ನೋಡಿದರೆ ಒಂದಾದರೂ ಅಲುಗದೇ ಬಂದಿರುತ್ತದೆ. ಸ್ವಲ್ಪ ಅಗಲವಾಗಿಯೇ ಫ್ರೇಮ್ ಮಾಡಿ. ಐದನ್ನೂ ಹೊಂದಿಸುವಾಗ ಅಂಚು ಕತ್ತರಿಸಿ ಹೋಗುತ್ತದೆ.

ಅದೇ ಊರಿನ ಮಾಣಿಕೇಶ್ವರ ಗುಡಿ ಎದುರಿನ ಮುಸುಕಿನ ಬಾವಿಯಲ್ಲೂ ಇದೇ ಕ್ರಮ. ಮೇಲಿನ ಮೆಟ್ಟಿಲ ಮೇಲೆ ಬಿಸಿಲು, ಕೆಳಗೆ ಗೋಡೆಯ ಗೂಡುಗಳಲ್ಲಿ ಕತ್ತಲೆ. ನೀರಿದ್ದರೆ ಅದರಲ್ಲಿ ಆಕಾಶದ ಬಿಂಬ ಇರುತ್ತದೆ, ಅಳೆಯುವಾಗ ಆ ಬಿಂಬವನ್ನು ಮರೆಯಬೇಡಿ.

ಮನೆಗೆ ಬಂದು ಕೂಡಿಸುವುದು

ಲೈಟ್‌ರೂಮಿನಲ್ಲಿ ಐದೂ ಫೈಲ್ ಆರಿಸಿ, ಬಲ ಕ್ಲಿಕ್ ಮಾಡಿ, ಫೋಟೊ ಮರ್ಜ್‌ನಲ್ಲಿ ಎಚ್‌ಡಿಆರ್ ಒತ್ತಿ. ಕೈಯಲ್ಲಿ ಹಿಡಿದು ತೆಗೆದಿದ್ದರೆ ಆಟೋ ಅಲೈನ್‌ಗೆ ಟಿಕ್ ಹಾಕಿ. ಡೀಘೋಸ್ಟ್ ಸದ್ಯಕ್ಕೆ ಬೇಡ, ಚಲಿಸುವ ವಸ್ತುಗಳಿಗೆ ಬೇಕಾಗುವ ಅದರ ಮಾತು ಮುಂದೆ ಬರುತ್ತದೆ. ರಾ ಥರದ್ದೇ ಆದ ಒಂದು ಡಿಎನ್‌ಜಿ ಫೈಲ್ ಸಿಗುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಲೈಟ್‌ಟೇಬಲ್ ಪುಟದಲ್ಲಿ ರಾ ಫೈಲ್‌ಗಳನ್ನು ಆರಿಸಿ ಕ್ರಿಯೇಟ್ ಎಚ್‌ಡಿಆರ್ ಒತ್ತಿದರೆ ಅಲ್ಲೂ ಡಿಎನ್‌ಜಿ. ಆದರೆ ಅದಕ್ಕೆ ಟ್ರೈಪಾಡ್ ಮೇಲೆ ತೆಗೆದ ಫ್ರೇಮ್‌ಗಳನ್ನೇ ಕೊಡಿ. ಕೈಯಲ್ಲಿ ಹಿಡಿದು ತೆಗೆದವುಗಳನ್ನು ಹೊಂದಿಸುವುದಕ್ಕೆ ಹ್ಯೂಗಿನ್ ಒಳ್ಳೆಯದು.

ಈ ಫೈಲಿನಲ್ಲಿ ಎಂಟು ಸ್ಟಾಪ್ ಹೆಚ್ಚಿನ ಸರಕು ಇದೆ. ಅದನ್ನು ಪರದೆಯ ಸಣ್ಣ ಜಾಗಕ್ಕೆ ಇಳಿಸಬೇಕು. ಇದಕ್ಕೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ಎಚ್‌ಡಿಆರ್ ಕೆಡುವುದು ಬಹುತೇಕ ಇಲ್ಲೇ. ಹಾಗಾಗಿ ಇಲ್ಲಿ ನಿಧಾನ ಮಾಡಿ.

ನನ್ನದೇ ಒಂದು ಫೋಟೊದ ಮಾತು ಹೇಳುತ್ತೇನೆ. ಮುಂಡರಗಿ ಕಡೆ ನಮ್ಮ ಅಜ್ಜಿಯ ಮಾಳಿಗೆ ಮನೆ ಇದೆ. ಮಣ್ಣಿನ ಗೋಡೆ, ಜಂತಿ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಕಡಿಮೆ. ಪಡಸಾಲೆಯ ನಡುವೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಧ್ಯಾಹ್ನದ ಹೊತ್ತು ಅದರಿಂದ ಬೆಳಕು ಕೋಲಿನ ಹಾಗೆ ಇಳಿದು, ಸಾರಿಸಿದ ನೆಲದ ಮೇಲೆ ತಟ್ಟೆಯಷ್ಟು ಅಗಲಕ್ಕೆ ಬೀಳುತ್ತದೆ. ಒಲೆಯ ಹೊಗೆ ಆ ಕೋಲಿನಲ್ಲಿ ತಿರುಗುತ್ತಿರುತ್ತದೆ. ನಾನು ಏಳು ಫ್ರೇಮ್ ತೆಗೆದೆ. ಕೂಡಿಸಿದೆ. ನೆರಳಿನ ಭಾಗ ಬೆಳಗಿಸುವ ಶ್ಯಾಡೋ ಸ್ಲೈಡರ್ ಪೂರ್ತಿ ಮೇಲಕ್ಕೆ, ಅತಿ ಬೆಳಕಿನ ಭಾಗ ತಗ್ಗಿಸುವ ಹೈಲೈಟ್ ಪೂರ್ತಿ ಕೆಳಕ್ಕೆ. ಮೂಲೆಯ ಬೀಸುವ ಕಲ್ಲು, ಗೂಟಕ್ಕೆ ನೇತುಹಾಕಿದ ಹಗ್ಗ, ಗೋಡೆಯ ಬಿರುಕು, ಎಲ್ಲ ಕಂಡವು. ಖುಷಿಯಿಂದ ಅವ್ವನಿಗೆ ತೋರಿಸಿದೆ.

ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಬೆಳಕಿಂಡಿ ಎಲ್ಲಿ ಹೋತು? ಎಲ್ಲಾ ಕಡೆ ಟ್ಯೂಬ್‌ಲೈಟ್ ಹಚ್ಚಿದಂಗ ಐತಲ್ಲ."

ಬೆಳಕಿಂಡಿ ಫೋಟೊದಲ್ಲೇ ಇತ್ತು. ನೆಲದ ಮೇಲಿನ ಬೆಳಕಿನ ತಟ್ಟೆಯೂ ಇತ್ತು. ಆದರೆ ಸುತ್ತಲಿನ ಕತ್ತಲೆಯನ್ನು ನಾನು ತೆಗೆದುಹಾಕಿದ್ದೆ. ಕತ್ತಲೆ ಇಲ್ಲದ ಮೇಲೆ ಆ ಬೆಳಕು ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ಏಳು ಫ್ರೇಮ್ ಇಟ್ಟುಕೊಂಡು ಮತ್ತೆ ಶುರುವಿನಿಂದ ಕೂತೆ. ಆವತ್ತಿನಿಂದ ನಾನು ಪಾಲಿಸುವ ಕ್ರಮ ಇದು.

ಕಂಪ್ಯೂಟರ್ ಮುಟ್ಟುವ ಮೊದಲು ಬೆಳಕಿನ ಸರದಿ ಬರೆದುಕೊಳ್ಳಿ. ಜಾಗದಲ್ಲಿ ನಿಂತಾಗಲೇ ಬರೆದುಕೊಂಡರೆ ಇನ್ನೂ ಒಳ್ಳೆಯದು. ದೃಶ್ಯದಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವುದು ಯಾವುದು, ಅದರ ನಂತರ ಯಾವುದು, ಕೊನೆಗೆ ಯಾವುದು. ಲಕ್ಕುಂಡಿಯಲ್ಲಿ ನನ್ನ ಸರದಿ ಹೀಗಿತ್ತು: ಆಕಾಶ, ಬಿಸಿಲಿನ ಗೋಡೆ, ಕಂಬದ ಮೇಲಿನ ಹೊಳೆಯುವ ಗೆರೆ, ಮಂಟಪದ ನೆಲ, ಕಂಬದ ಹಿಂಭಾಗ, ಗರ್ಭಗುಡಿಯ ಬಾಗಿಲು. ಎಚ್‌ಡಿಆರ್ ಮಾಡುವಾಗ ಇವುಗಳ ನಡುವಿನ ಅಂತರ ಕಡಿಮೆ ಆಗುತ್ತದೆ, ಆಗಲಿ. ಆದರೆ ಸರದಿ ಅದಲುಬದಲು ಆಗಬಾರದು. ಆಕಾಶಕ್ಕಿಂತ ಕಂಬ ಬೆಳ್ಳಗೆ ಕಂಡರೆ, ಬಾಗಿಲಿನ ಒಳಗೂ ಹೊರಗೂ ಒಂದೇ ಬೆಳಕು ಕಂಡರೆ, ಫೋಟೊ ಸುಳ್ಳು ಹೇಳುತ್ತಿದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ತಪ್ಪಿದೆ ಅನಿಸುತ್ತದೆ.

ಸ್ಲೈಡರ್‌ಗಳ ವಿಷಯ. ಮೊದಲು ಎಕ್ಸ್‌ಪೋಷರ್ ಸರಿಸಿ, ನೆಲ ನಿಮಗೆ ನೆನಪಿರುವಷ್ಟೇ ಬೆಳಕಿಗೆ ಬರಲಿ. ಆಮೇಲೆ ಹೈಲೈಟ್ ಇಳಿಸಿ. ಹೊರಗಿನ ಗೋಡೆಯ ಕೆತ್ತನೆ ಕಾಣತೊಡಗಿದ ಕೂಡಲೇ ನಿಲ್ಲಿಸಿ. ಆಮೇಲೆ ಶ್ಯಾಡೋ ಏರಿಸಿ. ಕಂಬದ ಹಿಂಭಾಗದ ಆಕಾರ ಗೊತ್ತಾದರೆ ಸಾಕು, ಅಲ್ಲಿನ ಪ್ರತಿ ಗೀರು ಕಾಣಬೇಕಿಲ್ಲ. ಇಷ್ಟಾದ ಮೇಲೆ ಬ್ಲ್ಯಾಕ್ ಸ್ಲೈಡರ್ ತುಸು ಕೆಳಗೆ ಎಳೆಯಿರಿ. ಫೋಟೊದಲ್ಲಿ ಎಲ್ಲಾದರೂ ಒಂದು ಕಡೆ ನಿಜವಾದ ಕಪ್ಪು ಇರಲೇಬೇಕು. ಗರ್ಭಗುಡಿಯ ಬಾಗಿಲು ಅದಕ್ಕೆ ತಕ್ಕ ಜಾಗ. ಆ ಗುಡಿ ಕಟ್ಟಿದವರು ಹೊರಗಿನ ಬಿಸಿಲಿನಿಂದ ಮಂಟಪದ ಮಬ್ಬಿಗೆ, ಅಲ್ಲಿಂದ ಒಳಗಿನ ಕತ್ತಲೆಗೆ ನಮ್ಮನ್ನು ನಡೆಸಿಕೊಂಡು ಹೋಗುತ್ತಾರೆ. ಆ ನಡಿಗೆ ಫೋಟೊದಲ್ಲೂ ಇರಬೇಕು.

ಈಗ ಕಂಬದ ಹೊಳೆಯುವ ಗೆರೆ. ಕ್ಲಾರಿಟಿ ಮತ್ತು ಟೆಕ್ಸ್ಚರ್ ಸ್ಲೈಡರ್ ಏರಿಸಿದರೆ ಕೆತ್ತನೆ ಗರಿಗರಿಯಾಗಿ ಕಾಣುತ್ತದೆ, ಆಸೆ ಆಗುತ್ತದೆ. ಆದರೆ ಆ ನುಣುಪು ಕಂಬವನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಗೆರೆಯ ಅಂಚು ಹರಿದಂತೆ, ಕಲ್ಲಿಗೆ ಪ್ಲಾಸ್ಟಿಕ್ ಹೊದಿಸಿದಂತೆ ಕಾಣುತ್ತದೆ. ಬಳಪದ ಕಲ್ಲಿನ ಹೊಳಪು ನಿಧಾನಕ್ಕೆ ಬೆಳಗಿ ನಿಧಾನಕ್ಕೆ ಆರುವಂಥದ್ದು. ಕ್ಲಾರಿಟಿ 10 ದಾಟಿದರೆ ನಾನು ಕೈ ತಡೆಯುತ್ತೇನೆ. ಕೆತ್ತನೆಗೆ ಬೇಕೇ ಬೇಕು ಅನಿಸಿದರೆ ಮಾಸ್ಕ್ ಹಾಕಿ, ಅಂದರೆ ಆ ಜಾಗವನ್ನಷ್ಟೇ ಆರಿಸಿ, ಅಲ್ಲಿಗಷ್ಟೇ ಕೊಡಿ.

ಇನ್ನೊಂದು ಕಾಯಿಲೆ ಹೇಲೋ. ಶಿಖರ ಆಕಾಶಕ್ಕೆ ತಾಗುವ ಅಂಚಿನಲ್ಲಿ ಸುತ್ತಲೂ ಒಂದು ಬೆಳ್ಳನೆಯ ಮಸುಕು ಪಟ್ಟಿ ಬಂದರೆ ಅದೇ ಹೇಲೋ. ಕ್ಲಾರಿಟಿ ಮತ್ತು ಶ್ಯಾಡೋ ಇಳಿಸಿದರೆ ಹೋಗುತ್ತದೆ. ಬಣ್ಣವನ್ನೂ ನೋಡಿಕೊಳ್ಳಿ. ನೆರಳಿನ ಭಾಗ ಎತ್ತಿದಾಗ ಅಲ್ಲಿ ಅಡಗಿದ್ದ ನೀಲಿ ಛಾಯೆಯೂ ಎದ್ದು ಬರುತ್ತದೆ. ಆ ನೀಲಿಯನ್ನು ಮಾಸ್ಕಿನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ. ಪೂರ್ತಿ ತೆಗೆಯಬೇಡಿ, ನೆರಳು ತಣ್ಣಗಿರುವುದೇ ಸಹಜ.

ಮುಗಿಯಿತು ಅನಿಸಿದಾಗ ಫೋಟೊವನ್ನು ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಶ್ಯಾಡೋ ಜಾಸ್ತಿ ಆಗಿದೆ. ಇನ್ನೊಂದು ಮಾತು: ರಾತ್ರಿ ಮಾಡಿದ ಎಚ್‌ಡಿಆರ್ ಅನ್ನು ಬೆಳಿಗ್ಗೆ ಮತ್ತೆ ನೋಡದೆ ಯಾರಿಗೂ ಕಳಿಸಬೇಡಿ. ಕಣ್ಣು ಒಗ್ಗಿಕೊಂಡುಬಿಟ್ಟಿರುತ್ತದೆ.

ಚಲಿಸುವ ವಸ್ತು ಇದ್ದರೆ

ಗದಗಿನ ಸುತ್ತ ಕಪ್ಪತಗುಡ್ಡದ ಕಡೆ ಹೋದವರಿಗೆ ಗಾಳಿಯಂತ್ರಗಳು ಗೊತ್ತು. ಸಂಜೆಯ ಆಕಾಶದ ಎದುರು ಅವು ತಿರುಗುವುದನ್ನು ಐದು ಫ್ರೇಮ್ ತೆಗೆದು ಕೂಡಿಸಿ ನೋಡಿ. ಮೂರು ರೆಕ್ಕೆ ಇರಬೇಕಾದಲ್ಲಿ ಮಸುಕು ಮಸುಕಾಗಿ ಹತ್ತಾರು ರೆಕ್ಕೆ ಕಾಣುತ್ತವೆ. ಇದೇ ಘೋಸ್ಟಿಂಗ್. ಪ್ರತಿ ಫ್ರೇಮಿನಲ್ಲೂ ರೆಕ್ಕೆ ಒಂದೊಂದು ಕಡೆ ಇತ್ತು, ಸಾಫ್ಟ್‌ವೇರ್ ಎಲ್ಲವನ್ನೂ ಸೇರಿಸಿತು.

ಈಗ ಡೀಘೋಸ್ಟ್ ಬೇಕು. ಲೈಟ್‌ರೂಮಿನಲ್ಲಿ ಮೊದಲು ಲೋ ಇಡಿ, ಸಾಲದಿದ್ದರೆ ಮೀಡಿಯಂ. ಡೀಘೋಸ್ಟ್ ಆದ ಜಾಗದಲ್ಲಿ ಒಂದೇ ಫ್ರೇಮಿನ ಮಾಹಿತಿ ಉಳಿಯುತ್ತದೆ. ಹಾಗಾಗಿ ಅಲ್ಲಿ ನಾಯ್ಸ್ ಬರಬಹುದು. ಸುಮ್ನೆ ಹೈ ಇಟ್ಟರೆ ಅಲುಗದ ಜಾಗವೂ ಕೆಡುತ್ತದೆ. ಉಣಕಲ್ ಕೆರೆಯ ನೀರಿನ ಸಣ್ಣ ಅಲೆಗೆ ಲೋ ಸಾಕು. ಗಾಳಿಗೆ ಓಲಾಡುವ ಜೋಳದ ಹೊಲಕ್ಕೆ ಯಾವುದೂ ಸಾಲದು. ಗಾಳಿ ನಿಲ್ಲುವವರೆಗೆ ಕಾಯಿರಿ.

ಮಂದಿ ಇದ್ದಾಗ ನಾನು ಬ್ರಾಕೆಟಿಂಗ್ ಮಾಡುವುದೇ ಇಲ್ಲ. ಬ್ಯಾಡಗಿಯ ಮಾರುಕಟ್ಟೆಯ ಕಡೆ ಮೆಣಸಿನಕಾಯಿ ಸುಗ್ಗಿಯಲ್ಲಿ ಹೋಗಿ ನೋಡಿ. ಅಂಗಳದ ಬಿಸಿಲಲ್ಲಿ ಕೆಂಪು ರಾಶಿ, ಅಂಗಡಿಯ ನೆರಳಲ್ಲಿ ಚೀಲಗಳು, ನಡುವೆ ಓಡಾಡುವ ಹಮಾಲರು, ಕಾಯಿ ಆರಿಸುವ ಹೆಣ್ಣುಮಕ್ಕಳು. ಯಾರೂ ನಿಮಗಾಗಿ ಐದು ಫ್ರೇಮಿನಷ್ಟು ಹೊತ್ತು ನಿಲ್ಲುವುದಿಲ್ಲ, ನಿಲ್ಲಿಸಲೂ ಬಾರದು. ಕೇಳಿ, ಒಪ್ಪಿದರೆ ತೆಗೆಯಿರಿ. ಇಲ್ಲಿ ಒಂದೇ ರಾ ಫ್ರೇಮ್. ಮೀಟರ್ ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ ಕಡಿಮೆ ಎಕ್ಸ್‌ಪೋಷರ್ ಕೊಟ್ಟು ಬಿಸಿಲಿನ ಭಾಗ ಉಳಿಸಿಕೊಳ್ಳಿ. ನೆರಳನ್ನು ಆಮೇಲೆ ಎತ್ತಬಹುದು. ಬಿಳಿಯಾಗಿ ಸುಟ್ಟುಹೋದ ಭಾಗವನ್ನು ಏನು ಮಾಡಿದರೂ ವಾಪಸ್ ತರಲಾಗದು.

ಮೆಣಸಿನಕಾಯಿಗೆ ಇನ್ನೊಂದು ಎಚ್ಚರಿಕೆ ಬೇಕು. ಸಾಮಾನ್ಯ ಹಿಸ್ಟೋಗ್ರಾಂ ಎಲ್ಲ ಸರಿ ಇದೆ ಅನ್ನುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ತೆರೆದು ನೋಡಿದರೆ ಕೆಂಪೊಂದು ಬಲ ಗೋಡೆಗೆ ಬಡಿದಿರುತ್ತದೆ. ಆಗ ರಾಶಿ ಕೆಂಪು ಬಣ್ಣ ಬಳಿದ ಗೋಡೆಯ ಹಾಗೆ ಚಪ್ಪಟೆ. ಬ್ಯಾಡಗಿ ಕಾಯಿಯ ಗುರುತೇ ಮೈತುಂಬ ಇರುವ ಸುಕ್ಕು. ಆ ಸುಕ್ಕಿನ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದಕ್ಕೆ ನೆರಳು. ಕೆಂಪು ಸುಟ್ಟರೆ ಸುಕ್ಕು ಹೋಯಿತು, ಸುಕ್ಕು ಹೋದರೆ ಅದು ಯಾವ ಊರಿನ ಕಾಯಿಯಾದರೂ ಆಗಬಹುದು. ಕೆಂಪು ಗೆರೆ ಗೋಡೆ ಬಿಡುವವರೆಗೆ ಎಕ್ಸ್‌ಪೋಷರ್ ಇಳಿಸಿ.

ಫೋನಿನಲ್ಲಿ

ಈಗಿನ ಫೋನುಗಳು ನೀವು ಒಂದು ಸಲ ಒತ್ತಿದರೆ ಹಲವು ಫ್ರೇಮ್ ತೆಗೆದು ಒಳಗೊಳಗೇ ಕೂಡಿಸುತ್ತವೆ. ಕೆಲವು ಎಲ್ಲವನ್ನೂ ಬೇಕೆಂದೇ ಕಡಿಮೆ ಬೆಳಕಿನಲ್ಲಿ ತೆಗೆದು, ಹೈಲೈಟ್ ಉಳಿಸಿಕೊಂಡು, ಹಲವು ಫ್ರೇಮ್ ಸೇರಿಸುವ ಮೂಲಕ ನಾಯ್ಸ್ ಇಳಿಸುತ್ತವೆ. ಹಾಗಾಗಿ ಫೋನಿನಲ್ಲಿ ಎಚ್‌ಡಿಆರ್ ಆನ್ ಇಡಿ, ಲೆನ್ಸ್ ಒರೆಸಿ, ಒತ್ತಿದ ಮೇಲೆ ಒಂದು ಕ್ಷಣ ಅಲುಗದೆ ನಿಲ್ಲಿ. ಎಣ್ಣೆ ಕೈ ತಾಗಿದ ಲೆನ್ಸಿನಲ್ಲಿ ಬೆಳಕಿನ ಸುತ್ತ ಮಂಜು ಕಟ್ಟುತ್ತದೆ, ಅದನ್ನು ಯಾವ ಸಾಫ್ಟ್‌ವೇರೂ ತೆಗೆಯದು.

ಫೋನಿನ ತೊಂದರೆ ಅಂದರೆ ಅದು ಕತ್ತಲೆಯನ್ನು ಬಿಡುವುದೇ ಇಲ್ಲ, ಎಲ್ಲ ಕಡೆ ಬೆಳಕು ಎತ್ತುತ್ತದೆ. ಪರದೆಯ ಮೇಲೆ ಬೆಳಕಿನ ಭಾಗವನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಆಗುತ್ತದೆ. ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಕೆಳಗೆ ಎಳೆಯಿರಿ. ಮಾಳಿಗೆ ಮನೆ ಮಾಳಿಗೆ ಮನೆಯ ಹಾಗೆ ಕಾಣುವವರೆಗೆ ಎಳೆಯಿರಿ. ಪ್ರೊ ಮೋಡ್ ಮತ್ತು ರಾ ಇರುವ ಫೋನಾದರೆ, ಮೇಲೆ ಹೇಳಿದ ಐದು ಫ್ರೇಮಿನ ಕ್ರಮವನ್ನೇ ಪುಟ್ಟ ಟ್ರೈಪಾಡ್ ಮೇಲೆ ಮಾಡಬಹುದು. ಎಡಿಟ್ ಮಾಡುವ ಆ್ಯಪ್‌ಗಳಲ್ಲಿ ಎಚ್‌ಡಿಆರ್ ಹೆಸರಿನ ಫಿಲ್ಟರ್ ಇರುತ್ತದೆ. ಅದು ಒಂದೇ ಫೋಟೊದ ಮೇಲೆ ಬಳಿಯುವ ಮೇಕಪ್. ಕಳೆದುಹೋದ ವಿವರ ಅದರಿಂದ ಬರುವುದಿಲ್ಲ.

ಪ್ರಿಂಟ್ ಹಾಕಿಸುವಾಗ

ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಹಾಗಾಗಿ ಪ್ರಿಂಟಿನಲ್ಲಿ ನೆರಳು ಇನ್ನಷ್ಟು ಕಪ್ಪಾಗುತ್ತದೆ. ಪ್ರಿಂಟಿಗೆ ಅಂತಲೇ ಬೇರೆ ಪ್ರತಿ ಮಾಡಿ, ಎಕ್ಸ್‌ಪೋಷರ್ ಕಾಲು ಅಥವಾ ಮೂರನೇ ಒಂದು ಸ್ಟಾಪ್ ಏರಿಸಿ. ದೊಡ್ಡದು ಹಾಕಿಸುವ ಮೊದಲು ಸಣ್ಣ ಸೈಜಿನಲ್ಲಿ ಒಂದು ತೆಗೆಸಿ, ಮನೆಯ ಬೆಳಕಲ್ಲಿ ಗೋಡೆಗೆ ಹಿಡಿದು ನೋಡಿ.

ಲ್ಯಾಬಿಗೆ ಫೈಲ್ ಕೊಡುವಾಗ "ಆಟೋ ಕರೆಕ್ಷನ್ ಬೇಡ, ಇದ್ದ ಹಾಗೇ ತೆಗೀರಿ" ಅಂತ ಬಾಯಿಬಿಟ್ಟು ಹೇಳಿ. ಬೆಳಕಿಂಡಿಯ ಫೋಟೊದ ಮೊದಲ ಪ್ರಿಂಟಿನಲ್ಲಿ ನಾನು ಕಷ್ಟಪಟ್ಟು ಉಳಿಸಿದ್ದ ಕತ್ತಲೆಯನ್ನೆಲ್ಲ ಅಲ್ಲಿನ ಮಷೀನು ಬೂದು ಮಾಡಿಬಿಟ್ಟಿತ್ತು. ಎರಡನೆಯದು ಸರಿ ಬಂತು, 12ಕ್ಕೆ 18 ಇಂಚು, ಮ್ಯಾಟ್ ಕಾಗದ. ಅವ್ವ ಅದನ್ನು ಪಡಸಾಲೆಯಲ್ಲಿ ತೂಗುಹಾಕಿಸಿದ್ದಾಳೆ, ಹೊಗೆ ತಾಗದ ಕಡೆ.